ಆಯಿಯ ಕೌದಿ ಮತ್ತು ತೊಗಟೆಯ ಬಟ್ಟೆ

ಆರು ತಿಂಗಳ ಮಟ್ಟಿಗೆ ಆಫೀಸಿನವರು ನನ್ನನ್ನು ಆಕ್ಲೆಂಡಿಗೆ ಕಳಿಸಿದ್ದರು. ಅಲ್ಲಿ ನಮ್ಮ ಟೀಮಿನಲ್ಲಿದ್ದ ಟೊಂಗಾ ಮೂಲದ ಹುಡುಗಿಯೊಬ್ಬಳು ಒಂದು ಶನಿವಾರ ಮನೆಗೆ ಊಟಕ್ಕೆ ಕರೆದಳು. ಊಟ ಮುಗಿದ ಮೇಲೆ ಅವಳ ತಾಯಿ ಒಳಗೆ ಹೋದರು. ಮಂಚದ ಮೇಲಿನ ಗಾದಿ ಎತ್ತಿ, ಅದರಡಿಯಿಂದ ಮಡಚಿಟ್ಟಿದ್ದ ಏನನ್ನೋ ಎರಡೂ ಕೈಯಲ್ಲಿ ಹೊತ್ತುಕೊಂಡು ಬಂದು ಹಾಲ್‌ನಲ್ಲಿ ಹಾಸಿದರು. ಹಾಲ್ ಸಾಲಲಿಲ್ಲ. ಅರ್ಧ ಬಿಚ್ಚಿ ಅರ್ಧ ಹಾಗೇ ಬಿಟ್ಟರು. ಕಂದು, ಕಪ್ಪು, ಕೆನೆ ಬಣ್ಣದ ಚೌಕಗಳು. ಮುಟ್ಟಿದರೆ ಬಟ್ಟೆಯೂ ಅಲ್ಲ, ಕಾಗದವೂ ಅಲ್ಲ. ಒಣಗಿದ ಬಾಳೆಪಟ್ಟೆಯ ಹಾಗಿತ್ತು.

"ಇದು ಮರದ ತೊಗಟೆ," ಅಂದಳು ಗೆಳತಿ. ಆಮೇಲೆ ಫೋನ್ ತೆಗೆದು ಊರಲ್ಲಿ ಅವಳ ಅತ್ತೆ ಅದನ್ನು ಮಾಡುತ್ತಿರುವ ವಿಡಿಯೋ ತೋರಿಸಿದಳು. ಮರದ ದಿಮ್ಮಿಯ ಮುಂದೆ ಕಾಲು ಚಾಚಿ ಕೂತ ಹೆಂಗಸರು, ಕೈಯಲ್ಲಿ ಕೊಡತಿಯಂಥ ಬಡಿಗೆ. ಟಪ್, ಟಪ್, ಟಪ್. ಒಬ್ಬರದು ನಿಂತರೆ ಇನ್ನೊಬ್ಬರದು. ಮಧ್ಯೆ ಮಧ್ಯೆ ನಗು.

ಆ ಸದ್ದು ನನಗೆ ಗೊತ್ತಿತ್ತು. ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ನಮ್ಮ ಹಳ್ಳಿಯಲ್ಲಿ, ದಸರೆಗೆ ಘಟ ಹಾಕುವ ಮೊದಲು, ಇಡೀ ಊರಿನ ಹೆಂಗಸರು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೊಳೆಗೆ ಹೋಗುತ್ತಿದ್ದರು. ನೀರು ಕುಡಿದ ಕೌದಿ ಒಬ್ಬರಿಂದ ಎತ್ತಲು ಆಗುವುದಿಲ್ಲ. ಇಬ್ಬರು ಹಿಡಿದು ಬಂಡೆಯ ಮೇಲೆ ಹಾಕಿ ಬಡಿಗೆಯಿಂದ ಬಡಿಯುತ್ತಿದ್ದರು. ಟಪ್, ಟಪ್, ಟಪ್. ಆಚೆ ದಂಡೆಯಿಂದಲೂ ಅದೇ ಸದ್ದು.

ಗೆಳತಿಯ ತಾಯಿ ಕೇಳಿದರು: "ನಿಮ್ಮಲ್ಲೂ ಹೆಂಗಸರು ಸೇರಿ ಬಟ್ಟೆ ಮಾಡುತ್ತಾರಾ?" "ಮಾಡುತ್ತಾರೆ," ಅಂದೆ. "ತೋರಿಸು," ಅಂದರು. ಫೋನಿನಲ್ಲಿ ಸಾವಿರಾರು ಫೋಟೋ ಇವೆ. ಕೌದಿಯದು ಒಂದೂ ಇರಲಿಲ್ಲ. ಬೆಂಗಳೂರಿನ ಮನೆಯಲ್ಲೂ ಇಲ್ಲ. ಯಾಕಿಲ್ಲ ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಅದು ಹೇಳಲೇಬೇಕಾದದ್ದು. ಮೊದಲು ಆ ತೊಗಟೆಯ ಕಥೆ.

*

ಪೆಸಿಫಿಕ್ ದ್ವೀಪಗಳ ಈ ಬಟ್ಟೆಗೆ ಜಗತ್ತು ಇಟ್ಟಿರುವ ಸಾಮಾನ್ಯ ಹೆಸರು ಟಾಪಾ. ಆದರೆ ಟೊಂಗಾದಲ್ಲಿ ಅದು ಙಾಟು, ಸಮೋವಾದಲ್ಲಿ ಸಿಯಾಪೊ, ಫಿಜಿಯಲ್ಲಿ ಮಾಸಿ, ಹವಾಯಿಯಲ್ಲಿ ಕಾಪಾ. ನಮ್ಮಲ್ಲಿ ಕೌದಿ ಅಂದದ್ದನ್ನು ಗಡಿ ದಾಟಿದರೆ ಮರಾಠಿಯವರು ಗೋಧಡಿ ಅನ್ನುವ ಹಾಗೆ.

ಮುಖ್ಯವಾಗಿ ಬಳಸುವುದು ಕಾಗದದ ಹಿಪ್ಪುನೇರಳೆ ಅನ್ನಬಹುದಾದ ಒಂದು ಗಿಡವನ್ನು. ಚೀನಾದಲ್ಲಿ ಕಾಗದ ಮಾಡಲು ಬಳಸಿದ್ದೂ ಇದೇ ಗಿಡದ ನಾರನ್ನು. ಇದು ಆ ದ್ವೀಪಗಳ ಮೂಲ ಗಿಡವೇ ಅಲ್ಲ. ಸಾವಿರಾರು ವರ್ಷ ಹಿಂದೆ ದೋಣಿಗಳಲ್ಲಿ ಸಮುದ್ರ ದಾಟಿದ ಜನ ಅದರ ಕಡ್ಡಿಗಳನ್ನು ಜತನವಾಗಿ ಒಯ್ದು, ಹೋದಹೋದಲ್ಲಿ ನೆಟ್ಟರು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಗಿಡಗಳ ವಂಶವಾಹಿ ಹಿಡಿದು ಹಿಂದಕ್ಕೆ ಹೋಗಿ, ಅವುಗಳ ಬೇರು ದಕ್ಷಿಣ ತೈವಾನಿನಲ್ಲಿದೆ ಎಂದು ತೋರಿಸಿತು. ಆ ಜನ ಎಲ್ಲಿಂದ ಹೊರಟವರು ಅನ್ನುವುದಕ್ಕೆ ಗಿಡವೇ ಸಾಕ್ಷಿ ಹೇಳಿತು. ಮನೆ ಬಿಟ್ಟು ಹೊರಟವರು ಏನೇನು ಕಟ್ಟಿಕೊಳ್ಳುತ್ತಾರೆ ನೋಡಿ: ತಿನ್ನುವ ಗೆಡ್ಡೆ, ಬೀಜ, ಮತ್ತು ಹೊದೆಯುವುದಕ್ಕೆ ಬೇಕಾದ ಗಿಡ.

ಮಾಡುವ ಕ್ರಮ ಹೀಗೆ. ಒಂದೂವರೆ ವರ್ಷದ ಆಸುಪಾಸಿನ, ಇನ್ನೂ ಎಳೆಯದಾದ ಕಾಂಡವನ್ನು ಕಡಿಯುತ್ತಾರೆ. ಸಿಪ್ಪೆಯನ್ನು ಉದ್ದಕ್ಕೆ ಸೀಳಿ ಒಂದೇ ಪಟ್ಟಿಯಾಗಿ ಸುಲಿಯುತ್ತಾರೆ. ಹೊರಗಿನ ಒರಟು ಪದರ ತೆಗೆದರೆ ಒಳಗಿನ ಬಿಳಿ ನಾರು ಸಿಗುತ್ತದೆ. ಅದನ್ನು ನೆನೆಸಿ, ದಿಮ್ಮಿಯ ಮೇಲಿಟ್ಟು ಬಡಿಯುತ್ತಾರೆ. ಬಡಿಗೆಗೆ ನಾಲ್ಕು ಮುಖ. ಗೀರು ಇರುವ ಮುಖದಿಂದ ಬಡಿದರೆ ನಾರು ಅಗಲವಾಗುತ್ತದೆ, ನುಣುಪು ಮುಖದಿಂದ ಬಡಿದರೆ ಸಮವಾಗುತ್ತದೆ. ಅಂಗೈಯಗಲದ ಪಟ್ಟಿ ಬಡಿಯುತ್ತಾ ಬಡಿಯುತ್ತಾ ಮೊಳದಗಲ ಆಗುತ್ತದೆ. ಅಂಥ ಪಟ್ಟಿಗಳನ್ನು ಗೆಡ್ಡೆಯ ಅಂಟಿನಿಂದ ಒಂದಕ್ಕೊಂದು ಕೂಡಿಸುತ್ತಾರೆ. ಹರಿದಲ್ಲಿ ತೇಪೆ ಹಚ್ಚುತ್ತಾರೆ. ಟೊಂಗಾದಲ್ಲಿ ಕುಪೇಸಿ ಅನ್ನುವ ಉಬ್ಬು ಅಚ್ಚುಗಳ ಮೇಲೆ ಬಟ್ಟೆ ಹಾಸಿ, ಮೇಲಿನಿಂದ ಬಣ್ಣ ಉಜ್ಜಿ ವಿನ್ಯಾಸ ಮೂಡಿಸುತ್ತಾರೆ.

ತೊಗಟೆ ಬಡಿಯುವುದನ್ನು ಒಬ್ಬಳೇ ಮಾಡಬಹುದು. ಆದರೆ ದೊಡ್ಡ ಙಾಟು ಕೂಡಿಸುವುದಕ್ಕೆ ಗುಂಪು ಬೇಕು. ಅದಕ್ಕೆಂದೇ ಟೊಂಗಾದಲ್ಲಿ ಹೆಂಗಸರ ಕೂಟಗಳಿವೆ, ಕೌತಾಹಾ ಅನ್ನುತ್ತಾರೆ. ಇವತ್ತು ನಿನ್ನ ಮನೆಯದು, ನಾಳೆ ನನ್ನ ಮನೆಯದು. ನಮ್ಮ ಕಡೆ ಶ್ಯಾವಿಗಿ ಹೊಸೆಯುವುದಕ್ಕೆ, ಹಪ್ಪಳಕ್ಕೆ ಒಬ್ಬರ ಮನೆಗೊಬ್ಬರು ಹೋಗುತ್ತಿದ್ದರಲ್ಲ, ಅದೇ ಲೆಕ್ಕ.

ಮತ್ತೆ ಅದು ಬರೀ ಹೊದಿಕೆಯಲ್ಲ. ಮಗು ಹುಟ್ಟಿದರೆ ಙಾಟು, ಮದುವೆಗೆ ಙಾಟು, ಸತ್ತರೆ ಙಾಟು. ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದು ಮನೆಮನೆಗೆ ನೆನಪಿರುತ್ತದೆ. ವೆಲಿಂಗ್ಟನ್ನಿನ ಟೆ ಪಾಪಾ ಮ್ಯೂಸಿಯಂನಲ್ಲಿ 20 ಮೀಟರಿಗೂ ಉದ್ದದ ಒಂದು ಙಾಟು ಇದೆ. 1953ರಲ್ಲಿ ಬ್ರಿಟನ್ನಿನ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ನೆನಪಿಗೆಂದು ಮಾಡಿದ್ದು. 1965ರಲ್ಲಿ ಟೊಂಗಾದ ರಾಣಿ ಸಲೋಟೆ ತೀರಿಕೊಂಡಾಗ ಅವಳ ಶವಪೆಟ್ಟಿಗೆಯ ಕೆಳಗೆ ಹಾಸಿದ್ದೂ ಅದನ್ನೇ. ಒಂದೇ ಬಟ್ಟೆ ಒಬ್ಬ ರಾಣಿಯ ಪಟ್ಟವನ್ನೂ ಇನ್ನೊಬ್ಬಳ ಸಾವನ್ನೂ ಕಂಡಿತು.

*

ನಮ್ಮಲ್ಲಿ ತೊಗಟೆಯ ಬಟ್ಟೆ ಇರಲಿಲ್ಲವೇ? ಶಬ್ದವಂತೂ ಇದೆ. ರಾಮ ಕಾಡಿಗೆ ಹೋಗುವಾಗ ಉಟ್ಟದ್ದು ನಾರುಮಡಿ ಅಂತ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಪಶ್ಚಿಮ ಘಟ್ಟದಲ್ಲಿ ಅಜ್ಜನಪಟ್ಟೆ ಅನ್ನುವ ದೊಡ್ಡ ಮರವಿದೆ, ಜಗುರಿ ಅಂತಲೂ ಕರೆಯುತ್ತಾರೆ. ಕೊಡಗು, ಕೆನರಾ ಕಾಡುಗಳ ಜನ ಅದರ ಕೊಂಬೆಯನ್ನು ಬೇಕಾದಷ್ಟು ಉದ್ದಕ್ಕೆ ಕಡಿದು, ನೆನೆಸಿ, ಬಡಿದು, ಸಿಪ್ಪೆ ಸಡಿಲವಾದಾಗ ಕಾಲುಚೀಲ ಕಳಚುವ ಹಾಗೆ ಒಳಹೊರಗು ಮಾಡಿ ಎಳೆಯುತ್ತಿದ್ದರು. ಕೊನೆಯಲ್ಲಿ ಒಂದು ಬಿಲ್ಲೆ ಕಟ್ಟಿಗೆ ಉಳಿಸಿದರೆ ಅದೇ ತಳ. ಹೊಲಿಗೆಯೇ ಇಲ್ಲದ ಚೀಲ ರೆಡಿ. ಬ್ರಿಟಿಷ್ ಕಾಲದ ಸಸ್ಯವಿಜ್ಞಾನಿಗಳು ಇದನ್ನು ಕಂಡು ಬೆರಗಾಗಿ, ಮರಕ್ಕೆ ಚೀಲ ಕೊಡುವ ಮರ ಅನ್ನುವ ಅರ್ಥದ ಲ್ಯಾಟಿನ್ ಹೆಸರನ್ನೇ ಇಟ್ಟಿದ್ದರು. ತಮಾಷೆ ಏನೆಂದರೆ ಅಜ್ಜನಪಟ್ಟೆ, ಪೆಸಿಫಿಕ್ಕಿನ ಕಾಗದದ ಹಿಪ್ಪುನೇರಳೆ, ಉಗಾಂಡದವರು ಇವತ್ತಿಗೂ ತೊಗಟೆ ಬಟ್ಟೆ ಮಾಡುವ ಅತ್ತಿ ಜಾತಿಯ ಮರ, ನಮ್ಮ ಆಲ, ಹಲಸು, ರೇಷ್ಮೆ ಹುಳುವಿನ ಹಿಪ್ಪುನೇರಳೆ ಎಲ್ಲವೂ ಒಂದೇ ಸಸ್ಯ ಕುಟುಂಬದವು. ದಾಯಾದಿಗಳು.

ಆದರೆ ಆಳಂದ, ಅಫಜಲಪುರ, ಜೇವರ್ಗಿ ಅಂದರೆ ಕಾಡಲ್ಲ. ಕಣ್ಣು ಹಾಯುವವರೆಗೆ ಕರಿಮಣ್ಣಿನ ಬಯಲು. ಜೋಳ, ತೊಗರಿ, ಹತ್ತಿ. ಆಳಂದದ ಕಡೆಯಿಂದ ಬರುವ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಅಲ್ಲಿಂದ ಮುಂದೆ ನಮ್ಮ ಜೇವರ್ಗಿ ಸೀಮೆಗೆ ಬರುತ್ತದೆ. ಮೂರು ತಾಲ್ಲೂಕಿಗೂ ಒಂದೇ ನೀರು, ಮತ್ತೆ ನಮ್ಮ ಮನೆಯ ಮಟ್ಟಿಗೆ ಒಂದೇ ನೆಂಟಸ್ತನ: ಅಪ್ಪನದು ಜೇವರ್ಗಿ ತಾಲ್ಲೂಕು, ಅವ್ವನ ತವರು ಅಫಜಲಪುರದ ಹತ್ತಿರ, ಅತ್ತಿಯನ್ನು ಕೊಟ್ಟದ್ದು ಆಳಂದಕ್ಕೆ. ಇಲ್ಲಿ ಬಟ್ಟೆ ಮರದಿಂದ ಬರಲಿಲ್ಲ, ಹೊಲದಿಂದ ಬಂತು. ಆದರೆ ಙಾಟು ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಮಾಡಿದ್ದು ಹೊಸ ಬಟ್ಟೆಯಲ್ಲ, ಹಳೇ ಬಟ್ಟೆ.

ಕೌದಿ ನೋಡದ ಗೆಳೆಯರಿಗೆ ಒಂದಿಷ್ಟು ವಿವರ. ಉಟ್ಟು ಉಟ್ಟು ಮೆತ್ತಗಾದ ಸೀರೆಗಳನ್ನು ಒಂದರ ಮೇಲೊಂದು ಹಾಸುತ್ತಾರೆ. ನಡುವಿನ ಪದರಗಳಲ್ಲಿ ಹರಿದ ಧೋತರ, ಅಂಗಿ, ಲಂಗ ಎಲ್ಲ ನಡೆಯುತ್ತದೆ. ನಮ್ಮ ಮನೆಯ ದೊಡ್ಡ ಕೌದಿಗೆ ಐದಾರು ಸೀರೆ ಹಿಡಿಯುತ್ತಿತ್ತು. ಮೇಲೆ ಬಣ್ಣಬಣ್ಣದ ಚೂರುಗಳು. ದೊಡ್ಡ ಸೂಜಿಗೆ ದಪ್ಪ ದಾರ ಪೋಣಿಸಿ ಅಂಚಿನಿಂದ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವುದು. ಒಂದು ಹೊಲಿಗೆಯ ಸಾಲಿಗೂ ಇನ್ನೊಂದಕ್ಕೂ ಒಂದು ಬೆರಳು ಅಂತರ. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ, ಮಧ್ಯಾಹ್ನ ಪಡಸಾಲೆಯಲ್ಲಿ, ನಾಲ್ಕು ಜನ ನಾಲ್ಕು ಕಡೆ ಕೂತು ಹೊಲಿಯುವುದು. ಹೊಲಿಯಲು ಬಾರದವರಿಗೆ, ಪುರುಸೊತ್ತಿಲ್ಲದವರಿಗೆ ಕೂಲಿಗೆ ಹೊಲಿದುಕೊಡುವ ಹೆಂಗಸರೂ ಬರುತ್ತಿದ್ದರು. ಕಾಳು, ಹಳೇ ಸೀರೆ, ಒಂದಿಷ್ಟು ರೊಕ್ಕ ಅವರ ಕೂಲಿ.

ನಮ್ಮ ಆಯಿ ಕೊನೆಯ ಹೊಲಿಗೆ ಮುಚ್ಚುವ ಮೊದಲು ಒಳಗೆ ಒಂದು ತುಣುಕು ಒಣ ರೊಟ್ಟಿ ಇಡುತ್ತಿದ್ದಳು. ನಾನು ಯಾಕಂತ ಕೇಳಿದ್ದೆ.

"ಹಸದ ಹೊಟ್ಟಿಲೆ ಕೌದಿ ಮಲಗ್ಲತ್ತದ ಏನು ತಮ್ಮಾ? ಅದರ ಹೊಟ್ಟಿ ತುಂಬಿದ್ರ ನಿನ್ನ ಹೊಟ್ಟಿ ತುಂಬ್ತದ."

*

ಙಾಟು ರಾಜಮನೆತನದ್ದು, ಕೌದಿ ಬಡವರದು, ಎರಡನ್ನೂ ಒಟ್ಟಿಗೆ ಯಾಕೆ ಹೇಳುತ್ತೀ ಅಂತ ಕೇಳಬಹುದು. ಹವಾಯಿಯ ಚರಿತ್ರೆ ಓದುವವರೆಗೆ ನನಗೂ ಅದೇ ಅನುಮಾನ ಇತ್ತು.

ಹವಾಯಿಯಲ್ಲಿ ಕಾಪಾ ಮೋಯೆ ಅನ್ನುವ ಹೊದಿಕೆ ಇತ್ತು. ಮಲಗುವ ಕಾಪಾ ಅಂತ ಅರ್ಥ. ಸಾಮಾನ್ಯವಾಗಿ ಐದು ಹಾಳೆ ತೊಗಟೆ ಬಟ್ಟೆಯನ್ನು ಒಂದರ ಮೇಲೊಂದು ಇಟ್ಟು, ಒಂದು ಅಂಚನ್ನು ಹೊಲಿಯುತ್ತಿದ್ದರು. ಕೆಳಗಿನ ನಾಲ್ಕು ಸಾದಾ. ಮೇಲಿನದಕ್ಕೆ ಮಾತ್ರ ಬಣ್ಣ, ಚಿತ್ತಾರ. ಪದರದ ಮೇಲೆ ಪದರ, ಚಂದದ್ದು ಮೇಲೆ. ಕೌದಿಯ ಲೆಕ್ಕವೇ.

1820ರಲ್ಲಿ ಅಮೆರಿಕದ ಮಿಶನರಿಗಳ ಮೊದಲ ಹಡಗು ಅಲ್ಲಿಗೆ ಬಂತು. ಏಪ್ರಿಲ್ 3ರಂದು, ದಂಡೆಗೆ ಇಳಿಯುವ ಮೊದಲೇ, ಹಡಗಿನ ಡೆಕ್ ಮೇಲೆ ಮಿಶನರಿ ಹೆಂಡತಿಯರು ರಾಜಮನೆತನದ ಹೆಂಗಸರ ಕೈಗೆ ಸೂಜಿ, ದಾರ, ಛೀಟಿ ಬಟ್ಟೆಯ ಚೂರು ಕೊಟ್ಟು ಹೊಲಿಗೆ ಕಲಿಸಲು ಕೂತರು. ಕಲಿಯಲು ಕೂತವರಲ್ಲಿ ತೀರಿಕೊಂಡ ದೊರೆ ಕಾಮೆಹಾಮೆಹಾನ ರಾಣಿ ಕಲಾಕುವಾ ಇದ್ದಳು. ಆಮೇಲೆ ಕಾರ್ಖಾನೆಯ ಹತ್ತಿ ಬಟ್ಟೆ ತೊಗಟೆಯ ಬಟ್ಟೆಯನ್ನು ತಿಂದುಹಾಕಿತು. 19ನೇ ಶತಮಾನ ಮುಗಿಯುವಷ್ಟರಲ್ಲಿ ಹವಾಯಿಯಲ್ಲಿ ಕಾಪಾ ಬಡಿಯುವ ಸದ್ದು ನಿಂತಿತ್ತು. ಆದರೆ ಆ ಹೆಂಗಸರು ಸುಮ್ಮನೆ ಕೂರಲಿಲ್ಲ. ಕಾಪಾದ ಕೆಲಸವನ್ನು ಹೊಲಿದ ರಜಾಯಿಗೆ ವಹಿಸಿದರು. ಹೆಸರೂ ಹಾಗೇ, ಕಾಪಾ ಕುಯಿಕಿ.

1893ರಲ್ಲಿ ಅಲ್ಲಿನ ರಾಣಿ ಲಿಲಿಯುಓಕಲಾನಿಯನ್ನು ಪಟ್ಟದಿಂದ ಇಳಿಸಿದರು. 1895ರಲ್ಲಿ ಅವಳನ್ನು ಅವಳದೇ ಅರಮನೆಯ ಒಂದು ಕೋಣೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರು. ಅಲ್ಲಿ ಅವಳು ರೇಷ್ಮೆಯ ಚೂರು, ರಿಬ್ಬನ್ನು ಸೇರಿಸಿ ಒಂದು ರಜಾಯಿ ಹೊಲಿಯಲು ಶುರುಮಾಡಿದಳು. ಅದರಲ್ಲಿ ಹವಾಯಿಯ ಬಾವುಟ ಇದೆ, ಪಟ್ಟ ಹೋದ ದಿನಾಂಕವೂ ಸೂಜಿಯಲ್ಲಿ ಬರೆದಿದೆ. ರಾಜ್ಯ ಹೋದಾಗ ರಾಣಿಯೂ ಮಾಡಿದ್ದು ನಮ್ಮ ಆಯಿ ಮಾಡಿದ್ದನ್ನೇ: ಇದ್ದ ಚೂರುಗಳನ್ನು ಕೂಡಿಸಿದಳು. ಹಾಗಾಗಿ ಅರಮನೆ, ಗುಡಿಸಲು ಅನ್ನುವ ಭೇದ ಇಲ್ಲಿ ನಡೆಯುವುದಿಲ್ಲ.

ನಮ್ಮ ಕಡೆಯಂತೂ ತೇಪೆಯ ಬಟ್ಟೆಗೆ ಬೇರೆಯೇ ಒಂದು ಮರ್ಯಾದೆ ಇದೆ. ಗಾಣಗಾಪುರದ ದತ್ತನ ಸನ್ನಿಧಿಯಲ್ಲಿ ಮಧ್ಯಾಹ್ನದ ಮಾಧುಕರಿಗೆ ಜೋಳಿಗೆ ಹಿಡಿದು ನಿಲ್ಲುವವರಲ್ಲಿ ಮನೆಮಠ ಇದ್ದವರೂ ಇರುತ್ತಾರೆ. ಆಳಂದದ ಲಾಡ್ಲೆ ಮಶಾಯಖ್ ದರ್ಗಾದ ಉರುಸಿನಲ್ಲಿ ಹಸಿರು, ಕಪ್ಪು ತುಂಡುಗಳ ನಿಲುವಂಗಿ ತೊಟ್ಟ ಫಕೀರರನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಸಂನ್ಯಾಸಿಯ ಕಂಥೆ, ಸೂಫಿಯ ಖಿರ್ಖಾ, ನಮ್ಮ ದಖ್ಖನಿ ಮಾತಿನ ಗುದಡಿ, ಇವೆಲ್ಲ ಒಂದೇ ಮಾತನ್ನು ಹೇಳುತ್ತವೆ: ಹೊಸದು ಬೇಕಿಲ್ಲ, ಇದ್ದದ್ದು ಸಾಕು. ಗುರು ತನ್ನ ಖಿರ್ಖಾವನ್ನು ಶಿಷ್ಯನಿಗೆ ತೊಡಿಸುವುದು ಸೂಫಿಗಳಲ್ಲಿ ದೊಡ್ಡ ಸಂಗತಿ. ಉಟ್ಟವರ ಗುಣ ಬಟ್ಟೆಯಲ್ಲಿ ಉಳಿದಿರುತ್ತದೆ ಅನ್ನುವ ನಂಬಿಕೆ ಅದು. ಬಾಣಂತನ ಮುಗಿಸಿ ಹೊರಟ ಮಗಳ ಕೂಸಿಗೆ ತಾಯಿ ತನ್ನ ಹಳೇ ಸೀರೆಯ ಪುಟ್ಟ ಕೌದಿ ಹೊಲಿದು ಕಳಿಸುವುದೂ ಅದೇ ನಂಬಿಕೆಯಿಂದ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕವಂದಿಯೂ ಇದೇ ಬಳಗದ್ದು. ಅವರು ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ 'ಫೂಲ' ಇಡದೆ ಕವಂದಿ ಮುಗಿಸುವುದಿಲ್ಲ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಪ್ರಯತ್ನದಿಂದ ಆ ಕವಂದಿಗಳು ಅಮೆರಿಕದ ಮ್ಯೂಸಿಯಂಗಳ ಗೋಡೆ ಏರಿವೆ. ನಮ್ಮ ಮೂರು ತಾಲ್ಲೂಕಿನ ಕೌದಿ ಇನ್ನೂ ಕಟ್ಟಡದ ಕೆಲಸದವರ ಗಂಟಿನಲ್ಲೇ ಇದೆ.

*

ಕೌದಿಗೆ ಚರಿತ್ರೆ ಬರೆಯುವುದು ಕಷ್ಟ, ಯಾಕೆಂದರೆ ಅದು ಉಳಿಯುವುದಿಲ್ಲ. ಹೊದ್ದು ಹೊದ್ದು ಹರಿದರೆ ಹಾಸಿಗೆ. ಹಾಸಿಗೆಯಾಗಿಯೂ ಹರಿದರೆ ಎತ್ತಿನ ಬಂಡಿಯಲ್ಲಿ ಹಾಸುವುದು. ಆಮೇಲೆ ಕರುವಿನ ಮೈಮೇಲೆ. ಕೊನೆಗೆ ಮಣ್ಣು. ಆದರೆ ಹರಿಯುವ ಮೊದಲು ಒಂದು ಕೌದಿಯನ್ನು ಓದಿದರೆ ಆ ಸೀಮೆಯ ನೂರು ವರ್ಷ ಸಿಗುತ್ತದೆ.

ನಮ್ಮದು ನಿಜಾಮರ ಸೀಮೆ. 1871ರಲ್ಲಿ ಮುಂಬೈ–ಮದ್ರಾಸ್ ರೈಲು ಮಾರ್ಗ ರಾಯಚೂರಿನಲ್ಲಿ ಕೂಡಿಕೊಂಡಿತು. ಕಲಬುರಗಿ ಆ ಹಳಿಯ ಮೇಲೇ ಇದೆ. ರೈಲಿನಲ್ಲಿ ನಮ್ಮ ಹತ್ತಿ ಹೋಯಿತು, ಗಿರಣಿಯ ಬಟ್ಟೆ ಬಂತು. 1877ರಲ್ಲಿ ಪಕ್ಕದ ಸೊಲ್ಲಾಪುರದಲ್ಲಿ ಬಟ್ಟೆ ಗಿರಣಿ ಶುರುವಾಯಿತು. ಮುಂದೆ ಕಲಬುರಗಿಯಲ್ಲೂ ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಹೆಸರಿನಲ್ಲಿ ಮೆಹಬೂಬ್ ಶಾಹಿ ಗಿರಣಿ ಬಂತು. ಹಳಬರ ಬಾಯಲ್ಲಿ ಅದು ಎಂ.ಎಸ್.ಕೆ. ಮಿಲ್. ಹಬ್ಬ ಮದುವೆಗೆ ಇಳಕಲ್ಲ ಸೀರೆ, ದಿನಕ್ಕೆ ಸೊಲ್ಲಾಪುರದ ಸೀರೆ. ಹತ್ತಿ ಅಗ್ಗವಾದಾಗ ಕೌದಿಗೆ ಪದರ ಹೆಚ್ಚಾಯಿತು.

ನನಗೆ ನೆನಪಿರುವ ಆಯಿಯ ಕೌದಿಯಲ್ಲಿ ಇದೆಲ್ಲ ಇತ್ತು. ಅವಳು ಅದರ ಮೇಲೆ ಬೆರಳಿಟ್ಟು ಹೇಳುತ್ತಿದ್ದಳು: "ಇದ ನಿಮ್ಮ ಅತ್ತಿ ಲಗ್ನದಾಗ ನಾ ಉಟ್ಟದ್ದು. ಇದ ಆಳಂದದಿಂದ ಬೀಗರು ಕೊಟ್ಟ ಕುಬಸದ ಕಣ. ಈ ಖಾಕಿ ತುಂಡ ನಿಮ್ಮ ಮುತ್ಯಾಂದು, ರಜಾಕಾರ ಗದ್ದಲ್ದಾಗ ಊರ ಬಿಟ್ಟು ಸೊಲ್ಲಾಪುರ ಕಡಿ ಹೋಗಿದ್ನಲ್ಲ, ಆಗಿನ ಚಡ್ಡಿ." 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತದ ಕೈಗೆ ಬಂತು ಅಂತ ನಾನು ಶಾಲೆಯ ಪುಸ್ತಕದಲ್ಲಿ ಓದಿದ್ದೇನೆ. ಅದಕ್ಕೆ ಮೊದಲಿನ ರಾತ್ರಿಗಳು ಹೇಗಿದ್ದವು ಅನ್ನುವುದನ್ನು ಓದಿದ್ದು ಆ ಖಾಕಿ ತುಂಡಿನಲ್ಲಿ. ಅಂಗೈಯಷ್ಟಿತ್ತು. ನಾನು ಮಲಗಿದರೆ ಸರಿಯಾಗಿ ಎದೆಯ ಮೇಲೆ ಬರುತ್ತಿತ್ತು.

*

ಈಗ ಹೇಳಬೇಕಾದದ್ದು.

ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೊರಟಾಗ ಆಯಿ ಆ ಕೌದಿಯನ್ನೇ ಕಟ್ಟಿಕೊಟ್ಟಳು. ಪಿ.ಜಿ.ಯಲ್ಲಿ ರೂಮಿನವರು ನಕ್ಕರು. ಒಬ್ಬ 'ಮ್ಯೂಸಿಯಂ ಪೀಸ್' ಅಂದ. ಅವನು ಹೇಳಿದ್ದು ಎಷ್ಟು ಸರಿ ಅಂತ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೊದಲ ಸಂಬಳದಲ್ಲಿ ಆನ್‌ಲೈನಿನಲ್ಲಿ ಕಂಫರ್ಟರ್ ತರಿಸಿದೆ. ಕೌದಿ ಮಂಚದ ಕೆಳಗೆ ಹೋಯಿತು. ಮನೆ ಬದಲಿಸುವಾಗ ಸಾಮಾನು ಸಾಗಿಸುವವರು "ಫ್ರಿಜ್‌ಗೆ ಸುತ್ತೋಕೆ ಏನಾದ್ರೂ ಇದ್ಯಾ ಸಾರ್?" ಅಂದರು. ನಾನೇ ಕೈಯಾರೆ ಎತ್ತಿಕೊಟ್ಟೆ. ಹೊಸ ಮನೆಯಲ್ಲಿ ಫ್ರಿಜ್ ಇಳಿಯಿತು, ಕೌದಿ ಲಾರಿಯಲ್ಲೇ ಉಳಿಯಿತು. ನಾನು ನೋಡಿದೆ. ಎಣ್ಣೆ ಹತ್ತಿತ್ತು. ಕೇಳಬಹುದಿತ್ತು, ಕೇಳಲಿಲ್ಲ. ಗಾಡಿ ಹೋಯಿತು.

ಆಯಿ ಫೋನಿನಲ್ಲಿ ಕೇಳುತ್ತಿದ್ದಳು: "ಥಂಡಿ ಭಾಳ ಅದ ಅಂತಲ್ಲ ಅಲ್ಲಿ. ಕೌದಿ ಹೊಚ್ಕೋತೀ ಇಲ್ಲ?"

"ಹೊಚ್ಕೋತೀನಿ ಆಯಿ."

ಎರಡು ವರ್ಷ ಹೀಗೇ ಸುಳ್ಳು ಹೇಳಿದೆ. ಆಮೇಲೆ ಅವಳು ಹೋದಳು. ಸತ್ತವರ ಹಾಸಿಗೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಅವಳ ಕೊನೆಯ ಕೌದಿಯನ್ನು ಊರ ಹೊರಗೆ ಬಿಟ್ಟು ಬಂದರು. ಹವಾಯಿಯಲ್ಲೂ ಒಡೆಯರು ಸತ್ತರೆ ಅವರ ರಜಾಯಿಯನ್ನು ಸುಡುವ ರೂಢಿ ಇತ್ತಂತೆ, ಓದಿದಾಗ ಇದು ನೆನಪಾಯಿತು. ಅಲ್ಲಿಗೆ ಅವಳ ಕೈಯ ಹೊಲಿಗೆ ನಮ್ಮ ಮನೆಯಲ್ಲಿ ಒಂದೂ ಉಳಿಯಲಿಲ್ಲ. ಉಳಿಯಬೇಕಾದದ್ದು ನನ್ನ ಹತ್ತಿರ ಇದ್ದದ್ದು ಮಾತ್ರ.

ಆಕ್ಲೆಂಡಿನ ಆ ಹಾಲ್‌ನಲ್ಲಿ ಇದನ್ನೆಲ್ಲ ಹೇಳಲಿಲ್ಲ. ಆದರೆ ಆ ತಾಯಿ ನನ್ನ ಮುಖ ನೋಡಿದರೋ ಏನೋ, ಇನ್ನೊಂದು ಬಟ್ಟೆ ತಂದರು. ನೋಡಲು ಮೊದಲಿನದರ ಹಾಗೇ ಇತ್ತು, ಕೈಗೆ ಮಾತ್ರ ನಯ. "ಇದರಲ್ಲಿ ತೊಗಟೆ ಒಂದೇ ಪದರ," ಅಂದರು. ಇನ್ನೊಂದು ಪದರ ಅಂಗಿಯ ಕಾಲರಿಗೆ ಹಾಕುವ ಅಂಗಡಿಯ ಬಟ್ಟೆ. ನ್ಯೂಜಿಲೆಂಡಿನಲ್ಲಿ ಗಿಡ ಸಿಗುವುದು ಕಷ್ಟ, ಬಡಿಯಲು ಪುರುಸೊತ್ತಿಲ್ಲ, ಆದರೆ ಮದುವೆ ಸಾವು ನಿಲ್ಲುವುದಿಲ್ಲವಲ್ಲ. "ಊರಿನವರು ಇದನ್ನು ಒಂದು ಮೆಟ್ಟಿಲು ಕೆಳಗೆ ಎಣಿಸುತ್ತಾರೆ. ಆದರೆ ಎಣಿಸುತ್ತಾರೆ," ಅಂದು ನಕ್ಕರು.

ಆ ಮಾತು ತಲೆಯಲ್ಲಿ ಉಳಿಯಿತು. ಹವಾಯಿಯವರು 1970ರ ದಶಕದಲ್ಲಿ ಕಾಪಾ ಮತ್ತೆ ಮಾಡಲು ಹೊರಟಾಗ ಕೇಳಲು ಅಜ್ಜಿಯರೇ ಇರಲಿಲ್ಲ. ಮ್ಯೂಸಿಯಂನ ತುಂಡುಗಳನ್ನು ನೋಡಿ, ಹಳೇ ಬರಹ ಓದಿ, ತಪ್ಪು ಮಾಡಿ ಮಾಡಿ ಕಲಿಯಬೇಕಾಯಿತು. ಕ್ಯಾಪ್ಟನ್ ಕುಕ್‌ನ ಹಡಗುಗಳು ತಂದ ತೊಗಟೆ ಬಟ್ಟೆಯನ್ನು ಚೂರು ಚೂರು ಕತ್ತರಿಸಿ 1787ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಶಾ ಎಂಬಾತ ಪುಸ್ತಕವಾಗಿ ಕಟ್ಟಿದ್ದ. ಅಂಥ ಚೂರುಗಳೇ ಈಗ ಪಾಠ. ಟೊಂಗಾದಲ್ಲಿ ಹಾಗಾಗಲಿಲ್ಲ. ಅಲ್ಲಿ ಹೆಂಗಸರು ನಿಲ್ಲಿಸಲೇ ಇಲ್ಲ, ಬೇಕಾದಲ್ಲಿ ಅಂಗಡಿ ಬಟ್ಟೆ ಸೇರಿಸಿಯಾದರೂ ನಡೆಸಿದರು.

ನಮ್ಮ ಕೌದಿ ಇವೆರಡರ ನಡುವೆ ಎಲ್ಲೋ ನಿಂತಿದೆ. ಸೊಲ್ಲಾಪುರ ಚಾದರ ಬಂತು. ಪಾಣಿಪತ್ತಿನ ಹುಲಿಚಿತ್ರದ ಬ್ಲ್ಯಾಂಕೆಟ್ ಬಂತು. ಸೀರೆ ಹೋಗಿ ನೈಟಿ ಬಂತು, ಹತ್ತಿ ಹೋಗಿ ಪಾಲಿಸ್ಟರ್ ಬಂತು. ಪಾಲಿಸ್ಟರ್ ಸೀರೆಯ ಕೌದಿ ಜಾರುತ್ತದೆ, ಬೆವರು ಹೀರುವುದಿಲ್ಲ, ಎಷ್ಟು ಉಟ್ಟರೂ ಮೆತ್ತಗಾಗುವುದಿಲ್ಲ. ಇನ್ನೊಂದು ಕಡೆ ಇನ್‌ಸ್ಟಾಗ್ರಾಂನಲ್ಲಿ ಹೊಚ್ಚಹೊಸ ಬಟ್ಟೆ ಕತ್ತರಿಸಿ ಹೊಲಿದ ಕೌದಿಗಳು ಮಾರಾಟಕ್ಕಿವೆ. ಹೊಲಿಯುವ ಕೈಗೆ ನಾಲ್ಕು ಕಾಸು ಸಿಗುತ್ತದೆ, ಒಳ್ಳೆಯದೇ, ನಾನು ತಕರಾರು ತೆಗೆಯುವುದಿಲ್ಲ. ಆದರೆ ಅದರಲ್ಲಿ ಯಾರ ಮದುವೆಯೂ ಇಲ್ಲ, ಯಾರ ಚಡ್ಡಿಯೂ ಇಲ್ಲ.

*

ವಾಪಸು ಬಂದ ಮೇಲೆ ಒಂದು ಭಾನುವಾರ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕ ಇನ್ನೊಂದು ಕಟ್ಟಡ ಏಳುತ್ತಿದೆ. ಅದರ ಬುಡದಲ್ಲಿ ತಗಡಿನ ಶೆಡ್ಡುಗಳು. ದಿನಾ ಕಾಫಿ ಹಿಡಿದು ಬಾಲ್ಕನಿಯಲ್ಲಿ ನಿಂತು ನೋಡುವ ಜಾಗವೇ. ಅವತ್ತು ಅಲ್ಲಿ ಕಬ್ಬಿಣದ ಸರಳುಗಳ ಮೇಲೆ ಒಂದು ಕೌದಿ ಒಣಗಲು ಹಾಕಿದ್ದು ಕಂಡಿತು. ಕೆಳಗೆ ಇಳಿದು ಹೋದೆ.

"ಯಾವೂರ್ರೀ ಅಕ್ಕಾರ?"

ಆಕೆ ನನ್ನ ಚಡ್ಡಿ, ಟೀಶರ್ಟು ನೋಡಿ ಅನುಮಾನದಿಂದ, "ಅಫಜಲಪುರ ಕಡ್ಯಾವ್ರು ರೀ," ಅಂದಳು. ನಮ್ಮವ್ವನ ತವರೂ ಆ ಕಡೆಯೇ ಅಂದ ಮೇಲೆ ಮುಖ ಬಿಚ್ಚಿತು. ಕೌದಿ ಆಕೆಯ ಅತ್ತೆ ಹೊಲಿದದ್ದಂತೆ. ಬೆಂಗಳೂರಿಗೆ ಬರುವಾಗ ಒಂದು ಪಾತ್ರೆ ಗಂಟು, ಒಂದು ಜೋಳದ ಚೀಲ, ಮೂರು ಕೌದಿ ಕಟ್ಟಿಕೊಂಡು ಬಂದರಂತೆ. ದೋಣಿಯಲ್ಲಿ ಗಿಡದ ಕಡ್ಡಿ ಕಟ್ಟಿಕೊಂಡು ಹೊರಟವರು ನೆನಪಾದರು.

"ನನಗೊಂದು ಹೊಲದು ಕೊಡ್ತೀರೇನ್ರಿ? ರೊಕ್ಕ ಕೊಡ್ತೀನಿ."

"ಹೊಲಿಲಿಕ್ಕೇನ್ರಿ, ಐತವಾರ ಐತವಾರ ಹೊಲೀತೀನಿ. ಅರಿವಿ ಎಲ್ಲಿ ಅದ?"

"ಅಂಗಡಿದು ತಂದ್ರ ನಡೀತದ?"

ಆಕೆ ನಕ್ಕಳು. "ಹೊಸಾ ಅರಿವಿ ಮೈಗಿ ಹತ್ತಲ್ರಿ. ಉಟ್ಟು ಬಿಟ್ಟದ್ದು ಬೇಕು. ನಿಮ್ಮ ಮನಿ ಮಂದಿದೇ ತರ್ರಿ."

ಮೇಲೆ ಬಂದು ಕಲಬುರಗಿಗೆ ಫೋನ್ ಹಚ್ಚಿದೆ. ಅವ್ವನಿಗೆ ಮೊದಲ ಸಲ ಎಲ್ಲ ಹೇಳಿದೆ, ಫ್ರಿಜ್ಜು, ಲಾರಿ, ಆಯಿಗೆ ಹೇಳಿದ ಸುಳ್ಳು. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಆಯಿ ಸೀರಿ ಏನರ ಉಳದಾವೇನವ್ವ?"

"ಎರಡು ಅದಾವ. ಸಂದೂಕದಾಗ. ನಂದೂ ಮೂರ್ನಾಕು ಹಳೇವು ಅದಾವ. ಆದ್ರ ನೋಡು, ಮಂದಿ ಕೈಯಾಗ ಕೊಟ್ಟು ಕಳಸಂಗಿಲ್ಲ ಮತ್ತ."

"ಮತ್ತ ಯಾರು ಹೊಲೀತಾರ?"

"ನಾ ಏನ್ ಸತ್ತೀನೇನು? ಅತ್ತಿ ಕೈಯಾಗ ಕಲತದ್ದು ಮರತಿಲ್ಲ ನಾ. ಕಣ್ಣ ಸರಿ ಕಾಣ್ಸಂಗಿಲ್ಲ, ಅಷ್ಟೇ. ನೀ ಬಂದು ಸೂಜಿಗಿ ದಾರ ಹಾಕಿ ಕೊಡು."

ಕಟ್ಟಡದ ಆ ಅಕ್ಕನಿಗೆ ವಿಷಯ ಹೇಳಿದೆ. "ಛಲೋ ಆತ್ ಬಿಡ್ರಿ," ಅಂದಳು. ಆಮೇಲೆ, ನಡುವಿಗೆ ಬಂದಾಗ ದಾರ ಬಿಗಿ ಎಳೆಯಬಾರದು, ಎಳೆದರೆ ಕೌದಿ ಗುಬ್ಬಿಯಾಗಿ ಎದ್ದು ನಿಲ್ಲುತ್ತದೆ, ಅವ್ವನಿಗೆ ನೆನಪು ಮಾಡಿ ಅಂತಲೂ ಹೇಳಿ ಕಳಿಸಿದಳು.

ದಸರೆಗೆ ಎಂಟು ದಿನ ರಜೆ ಹಾಕಿದ್ದೇನೆ. ಕಾರಣ ಬರೆಯುವ ಕಡೆ ಏನು ಬರೆಯುವುದು ಅಂತ ಯೋಚಿಸಿ, 'ಫ್ಯಾಮಿಲಿ ಫಂಕ್ಷನ್' ಅಂತ ಹಾಕಿದೆ. ಮ್ಯಾನೇಜರು ಅಪ್ರೂವ್ ಮಾಡಿದ್ದಾರೆ. ರೊಟ್ಟಿಯ ತುಣುಕು ಇಡುವುದನ್ನು ಮರೆಯಬಾರದು.